ಅರದಾಳವೆಂಬ ಹೆಸರು

ನಮ್ಮ ಸಕಲೇಶಪುರದ ಸೀಮೆಯಲ್ಲಿ, ಬಿಸಿಲೆ ಕೆಂಪುಹೊಳೆಗಳ ಕಡೆಗೆ ಘಟ್ಟವಿಳಿಯುವ ಕಾಡುಗಳಲ್ಲಿ, ಅರದಾಳವೆಂಬ ಮರವೊಂದುಂಟು. ಉಪ್ಪಾಗೆ ಮುರುಗಲುಗಳಿಗೆ ಅದು ದಾಯಾದಿ. ಅರಶಿನಗುರಿಗೆಯೆಂದು ಕರೆಯುವವರೂ ಉಂಟು. ತೊಗಟೆಯನ್ನು ಗೀರಿದರೆ ಅಚ್ಚ ಹಳದಿಯ ಹಾಲು ಒಸರುತ್ತದೆ. ಪಾಠಶಾಲೆಯಲ್ಲಿ ಅಮರವನ್ನು ಉರುಹೊಡೆದ ನನ್ನಂಥವನಿಗೆ ಈ ಹೆಸರನ್ನು ಕೇಳಿದೊಡನೆ ನೆನಪಾಗುವುದು ಹರಿತಾಲ. ಅರದಾಳವು ಅದರ ತದ್ಭವವೇ ಸರಿ. ಆದರೆ ಹರಿತಾಲವು ಮರವಲ್ಲ, ಕಲ್ಲು. ಆರ್ಸೆನಿಕ್ಕೂ ಗಂಧಕವೂ ಕೂಡಿದ ವಿಷದ ಖನಿಜ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (1126–1138) ಮಾನಸೋಲ್ಲಾಸದಲ್ಲಿ ಚಿತ್ರಗಾರನಿಗೆ ಬಣ್ಣಗಳನ್ನು ವಿಧಿಸುತ್ತ ಬಿಳುಪಿಗೆ ಶಂಖವನ್ನೂ, ಕೆಂಪಿನ ಭೇದಗಳಿಗೆ ಇಂಗಳೀಕ, ಅರಗಿನ ರಸ, ಜಾಜುಗಳನ್ನೂ, ಕಪ್ಪಿಗೆ ಕಾಡಿಗೆಯನ್ನೂ, ಹಳದಿಗೆ ಹರಿತಾಲವನ್ನೂ ಹೇಳುತ್ತಾನೆ. ಕಲ್ಲಿಗೆ ಗ್ರಂಥದಲ್ಲಿ ಮಣೆ ದೊರೆಯಿತು. ಮರಕ್ಕೆ ಕಲ್ಲಿನ ಹೆಸರು ಮಾತ್ರ ದಕ್ಕಿತು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಮಾತ್ರ ಶ್ಲೋಕವನ್ನು ಕಾಯಲಿಲ್ಲ. ಅವರ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಯ ಹಿಟ್ಟು, ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆ.

ಮೈಸೂರು ಸಂಪ್ರದಾಯದ ಪಟಗಳಲ್ಲಿಯೂ ಈ ಕುಲದ ಮರಗಳ ರಾಳವು ಅಡಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಬೆಳೆದ ಆ ಚಿತ್ರಗಾರರು ಕಿರೀಟ, ಹಾರ, ಸಿಂಹಾಸನಗಳು ಉಬ್ಬಿ ತೋರಲೆಂದು ಸಫೇದದ ಪುಡಿಗೆ ಗೋಂದನ್ನೂ ಹಳದಿಯ ರಾಳವನ್ನೂ ಕೂಡಿಸಿ ಲೇಪ ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚುತ್ತಿದ್ದರು. ನೋಡುವವರು ಹೊಗಳುವುದು ಚಿನ್ನವನ್ನು. ಪೇಟೆಗೆ ಹೆಚ್ಚಾಗಿ ಬರುತ್ತಿದ್ದುದು ಸಯಾಮ್ ಕಾಂಬೋಡಿಯಾಗಳ ರಾಳ. ಇಂಗ್ಲಿಷಿನ ಗ್ಯಾಂಬೋಜ್ ಎಂಬ ಹೆಸರು ಕಾಂಬೋಡಿಯಾದಿಂದಲೇ ಹುಟ್ಟಿತು. ಫ್ರಾನ್ಸಿನ ಪೆರಿನ್ ಎಂಬ ವಿಜ್ಞಾನಿಯು 1908ರಲ್ಲಿ ಇದರ ಕಣಗಳನ್ನೇ ನೀರಿನಲ್ಲಿ ತೇಲಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಅಣುಗಳುಂಟೆಂಬುದಕ್ಕೆ ಸಾಕ್ಷ್ಯ ಒದಗಿಸಿದನು. ವೈದ್ಯರಿಗೆ ಇದು ತೀವ್ರ ವಿರೇಚಕ. ಕುಂಚವನ್ನು ನಾಲಗೆಗೆ ತಾಗಿಸುವ ಅಭ್ಯಾಸವಿದ್ದ ಚಿತ್ರಗಾರನ ಪಾಡನ್ನು ವಾಚಕರೇ ಊಹಿಸಬಹುದು.

ನಮ್ಮ ಮನೆಯಲ್ಲಿ ಹಿರಿಯರ ಕಾಲದ ಶ್ರೀರಾಮಪಟ್ಟಾಭಿಷೇಕದ ಪಟವೊಂದಿದೆ. ಕಿರೀಟದ ರೇಕು ಸವೆದು ಅಲ್ಲಲ್ಲಿ ಹಳದಿ ಇಣುಕುತ್ತದೆ. ಕಳೆದ ಶ್ರಾವಣದಲ್ಲಿ ಮಗನು, "ಅಪ್ಪಯ್ಯ, ಬಂದವರ ಎದುರಿಗೆ ಕೊಳಕಾಗಿ ಕಾಣುತ್ತದೆ, ಹೊಸದಾಗಿ ಬಣ್ಣ ಹೊಡೆಸಿಬಿಡೋಣ" ಎಂದನು. ಪೇಟೆಯಿಂದ ಒಬ್ಬನನ್ನು ಗೊತ್ತುಮಾಡಿಯೂ ಇದ್ದನು. ನಾನು ಒಪ್ಪಲಿಲ್ಲ. ಅದು ಕೊಳೆಯಲ್ಲವಪ್ಪ, ಚಿತ್ರಗಾರನೇ ಇಟ್ಟ ಅಡಿಪಾಯ. ಅದರ ಮೇಲೆ ಡಬ್ಬಿಯ ಬಣ್ಣ ಬಿದ್ದರೆ ಅವನ ಕೈ ಎಲ್ಲಿತ್ತೆಂಬುದೇ ತಿಳಿಯದೆ ಹೋಗುವುದು ಎಂದೆ. ಈ ರಾಳಕ್ಕೆ ಬೆಳಕು ಶತ್ರು. ಚಿನ್ನದ ಮರೆಯಲ್ಲಿ ಇಷ್ಟುಕಾಲ ಉಳಿದುದು ಈಗ ಬಯಲಿಗೆ ಬಿದ್ದು ಕಿಟಕಿಯ ಬಿಸಿಲಿಗೆ ಮಾಸಬಹುದು. ಸೊಸೆಯು ಮರುಮಾತಿಲ್ಲದೆ ಪಟವನ್ನು ಒಳಕೋಣೆಯ ಗೋಡೆಗೆ ಸಾಗಿಸಿದಳು. ಮಗನಿಗೆ ಇನ್ನೂ ಪೂರ್ಣ ಸಮ್ಮತಿಯಿಲ್ಲ. "ನೀವು ಹೇಳುವ ಆ ಮರ ನಮ್ಮ ಕಡೆ ನಿಜವಾಗಿ ಇದೆಯೇ?" ಎಂದು ಕೇಳುತ್ತಾನೆ. ಬಿಸಿಲೆಗೆ ಕರೆದೊಯ್ದು ತೋರಿಸಬೇಕೆಂದಿದ್ದೇನೆ. ಮಳೆ ನಿಂತು ಜಿಗಣೆಗಳು ಕಡಮೆಯಾಗಲಿ.