ಎಡಗಡೆಯಿಂದ ನಾಲ್ಕನೇದು

"ನಿನ್ನ ಗಡಿಯಾರ ಹಿಂದೆ ಅದೆ ಅಂತ ಬತ್ತಾ ಅದೆ ಕಣವ್ವ. ನನ್ನ ವಾಚು ಸರ್ಯಾಗೇ ಅದೆ, ಗೋಡೆ ಗಡಿಯಾರಾನೂ ಸರ್ಯಾಗೇ ಅದೆ. ಇದು ಯಾವ ಗಡಿಯಾರ?"

ಶನಿವಾರ ಬೆಳಿಗ್ಗೆ ಅಪ್ಪನ ಫೋನು. ಯಾವ ವೆಬ್‌ಸೈಟೂ ತೆರೀತಿಲ್ಲ, ಏನು ಒತ್ತಿದರೂ ಇದೇ ಉತ್ತರ. ಫೋನಲ್ಲೇ ತಾರೀಕು ಸರಿ ಮಾಡಿಸಿದೆ. ಮಾರನೇ ದಿನ ಮತ್ತೆ ಅದೇ ಕತೆ. ಮುಂದಿನ ವಾರ ಬೆಂಗಳೂರಿಂದ ಊರಿಗೆ ಹೋಗೋಳಿದ್ದೆ, ಬಂದು ನೋಡ್ತೀನಿ ಅಂದೆ.

ನಮ್ಮೂರು ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಬುಡದಲ್ಲಿ. ಅಪ್ಪ ರಿಟೈರ್ಡ್ ಮೇಷ್ಟ್ರು. ನಡುಮನೆಯ ಮೂಲೆಯಲ್ಲಿ ಹಳೇ ಡೆಸ್ಕ್‌ಟಾಪು. ರಾತ್ರಿ ಮಲಗೋ ಮುಂಚೆ ಗೋಡೆಯ ಸ್ವಿಚ್ಚನ್ನೂ ಆರಿಸಿಯೇ ಮಲಗುವವರು ಅವರು. ಕಾಯಿಲೆಗೆ ಅರ್ಧ ಕಾರಣ ಅದೇ. ಹೀಗೆ ಕರೆಂಟೇ ಇಲ್ಲದಾಗ ಕಂಪ್ಯೂಟರಿನ ಒಳಗಡಿಯಾರ ಓಡೋದು ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ ಒಂದು ಸೆಲ್ಲಿನಿಂದ. ಸಿಆರ್ 2032, 3 ವೋಲ್ಟ್, ಕೆಲವು ಕಾರಿನ ಕೀಲಿಗೂ ಹಾಕ್ತಾರಲ್ಲ, ಅದೇ. ಅದು ಸತ್ತರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತೆ. ಪ್ರತಿ ವೆಬ್‌ಸೈಟಿನ ಸುರಕ್ಷತಾ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ತಾನಿನ್ನೂ 2012ರಲ್ಲೇ ಇದ್ದೀನಿ ಅಂದುಕೊಂಡ ಕಂಪ್ಯೂಟರಿಗೆ ಇವತ್ತಿನ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿರಲ್ಲ. ಹಾಗಾಗಿ ಯಾರನ್ನೂ ನಂಬಲ್ಲ. ಹೊಸ ಸೆಲ್ ಹಾಕಿದೆ, ತಾರೀಕು ತಿದ್ದಿದೆ. ಹತ್ತು ನಿಮಿಷದ ಕೆಲಸ. ಅಪ್ಪ ಹಳೇ ಸೆಲ್ಲನ್ನು ಬೆರಳಲ್ಲಿ ಹಿಡಿದು, "ಇಷ್ಟಕ್ಕೇ ಇಷ್ಟು ರಂಪಾನಾ?" ಅಂತ ನಕ್ಕರು.

ಅಲ್ಲಿಗೆ ಎದ್ದು ಬರಬೇಕಿತ್ತು. ಬರಲಿಲ್ಲ.

ಬ್ರೌಸರ್ ತೆಗೆದರೆ ಮೇಲಿನ ಪಟ್ಟಿಯಲ್ಲಿ ಬುಕ್‌ಮಾರ್ಕುಗಳ ಜಾತ್ರೆ. ಪಟ್ಟಿ ತುಂಬಿ, ಪಕ್ಕದ ಬಾಣದ ಗುರುತಿನೊಳಗೂ ತುಂಬಿ, ಒಟ್ಟು 212. ಪಹಣಿ ನೋಡೋ ಪುಟ ಮೂರು ಸಲ, ಅದರಲ್ಲೊಂದು ಯಾವತ್ತೋ ಅವಧಿ ಮುಗಿದದ್ದು. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟಕ್ಕೆ ವೆಬ್‌ಸೈಟೇ ಅಲ್ಲ, ಗೂಗಲ್ ಹುಡುಕಾಟದ ಪುಟವನ್ನೇ ನಕ್ಷತ್ರ ಒತ್ತಿ ಇಟ್ಟುಕೊಂಡಿದ್ದರು. ಸತ್ತ ಲಿಂಕುಗಳು ಬೇಕಾದಷ್ಟು. ಅದು ಅಪ್ಪನ ತಪ್ಪಲ್ಲ ಬಿಡಿ. 2013ರಲ್ಲಿದ್ದ ವೆಬ್‌ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದಲ್ಲಿ ಕಾಣೆಯಾಗಿವೆ ಅಂತ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತ್ತು.

ಆಫೀಸಲ್ಲಿ ನನ್ನ ಕೆಲಸವೇ ಇಂಥದ್ದು. ಕೈ ಸುಮ್ಮನಿರಲಿಲ್ಲ. ಮೊದಲು ಅಭ್ಯಾಸಬಲದಿಂದ ಎಲ್ಲವನ್ನೂ ಒಂದು ಎಚ್‌ಟಿಎಂಎಲ್ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿಟ್ಟೆ. ಆಮೇಲೆ ಸತ್ತದ್ದನ್ನು ತೆಗೆದೆ, ಎರಡೆರಡಿದ್ದದ್ದನ್ನು ಒಂದು ಮಾಡಿದೆ, ಉಳಿದದ್ದನ್ನು ಒಂಬತ್ತು ಫೋಲ್ಡರಿಗೆ ಹಂಚಿದೆ. ಸರ್ಕಾರ, ಬ್ಯಾಂಕು, ಸುದ್ದಿ, ಆರೋಗ್ಯ... ಪರದೆ ತೊಳೆದಿಟ್ಟ ತಟ್ಟೆಯ ಹಾಗಾಯ್ತು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಚೆನ್ನಾಗದೆ," ಅಂದರು.

ಆಮೇಲೆ ಮೂರು ಶನಿವಾರ ಫೋನೇ ಇಲ್ಲ. ಅಂದರೆ ಫೋನು ಬರ್ತಿತ್ತು, ಮಳೆ, ಮದುವೆ, ಅವ್ವನ ಮಂಡಿನೋವು ಎಲ್ಲ ಇರ್ತಿತ್ತು, ಕಂಪ್ಯೂಟರ್ ಮಾತ್ರ ಇರ್ತಿರಲಿಲ್ಲ. ನಾನೇ ಕೇಳಿದರೆ "ಚೆನ್ನಾಗದೆ" ಅನ್ನೋರು. ಒಂದ್ಸಲ ನೆಟ್ಟಗೆ ಮಾಡಿಬಿಟ್ರೆ ಹೀಗೆ ಅಂತ ಗೆಳತಿಯ ಹತ್ತಿರ ಜಂಬ ಬೇರೆ ಕೊಚ್ಚಿಕೊಂಡೆ.

ನಿಜ ಹೇಳಿದ್ದು ಅವ್ವ. "ನಿಮ್ಮಪ್ಪ ಪಹಣಿ ತಗೊಳಕ್ಕೆ ಪಟ್ಣಕ್ಕೆ ಹೋಗವ್ರೆ. ಕರೆಂಟ್ ಬಿಲ್ ಕಟ್ಟಕ್ಕೂ ಮೊನ್ನೆ ಅಂಗ್ಡಿಗೇ ಹೋಗಿದ್ರು. ಅದರ ಮುಂದೆ ಕೂತ್ಕೋತಾರೆ, ಸ್ವಲ್ಪ ಹೊತ್ತು ನೋಡ್ತಾರೆ, ಎದ್ದು ಬತ್ತಾರೆ."

ಮುಂದಿನ ಸಲ ಊರಿಗೆ ಹೋದಾಗ ಮಾನಿಟರಿನ ಮೇಲೆ ಟವೆಲ್ ಹೊದಿಸಿತ್ತು. ನಾನು ಏನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಬೆಟ್ಟ ಹತ್ತಿದೆ. ಈಗ ಕರಿಘಟ್ಟದ ಮೇಲಕ್ಕೆ ಗಾಡಿ ಹೋಗೋ ರಸ್ತೆ ಇದೆ. ಅಪ್ಪ ಮಾತ್ರ ಇವತ್ತಿಗೂ ನಾನೂರಕ್ಕೂ ಹೆಚ್ಚಿರುವ ಆ ಮೆಟ್ಟಿಲೇ ಹತ್ತೋದು. ಎಲ್ಲಿ ನಿಂತು ಉಸಿರು ತಗೋಬೇಕು, ಯಾವ ಮೆಟ್ಟಿಲು ಸ್ವಲ್ಪ ಎತ್ತರ, ಎಲ್ಲ ಕಾಲಿಗೇ ಗೊತ್ತು. ಮೇಲೆ ಶ್ರೀನಿವಾಸನಿಗೆ ಕೈಮುಗಿದು, ಕೆಳಗೆ ಲೋಕಪಾವನಿ, ಗದ್ದೆ, ಆಚೆ ಕಾವೇರಿ ಕಾಣೋ ಕಡೆ ಕೂತಾಗ ಅವರೇ ಬಾಯಿಬಿಟ್ಟರು.

"ನಾನು ಹೆಸರು ಓದ್ತಿರ್ಲಿಲ್ಲ ಕಣವ್ವ. ಎಡಗಡೆಯಿಂದ ಮೊದಲ್ನೇದು ಕಟ್ಟೆ ನೀರು. ಮೂರನೇದು ಪಿಂಚಣಿ. ನಾಲ್ಕನೇದು, ಹಸಿರು ಚುಕ್ಕಿದು, ಕರೆಂಟು. ಕೈ ತಾನಾಗೇ ಹೋಗ್ತಿತ್ತು. ಈಗ ಎಲ್ಲ ಒಂದೇ ಥರದ ಹಳದಿ ಡಬ್ಬ. ಯಾವ್ದರೊಳಗೆ ಏನದೆ ಅಂತ ಒಂದೊಂದೇ ತೆಗೆದು ನೋಡ್ಬೇಕು."

"ಫೋನ್ ಮಾಡಿ ಹೇಳೋದಲ್ವಾ ಅಪ್ಪ?"

"ನೀನು ಅಷ್ಟು ದೂರದಿಂದ ಬಂದು, ಇಡೀ ಮಧ್ಯಾಹ್ನ ಕೂತು ಮಾಡ್ಕೊಟ್ಟೆ. ಚೆನ್ನಾಗಿಲ್ಲ ಅಂತ ಹೆಂಗನ್ನದು?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಪ್ಪನ ಪುಸ್ತಕಗಳು ನೆನಪಾದವು. ಬಸ್ ಟಿಕೆಟ್ಟು, ಮದುವೆ ಕರೆಯೋಲೆಯ ತುಂಡು, ಒಣಗಿದ ಎಲೆ, ಯಾವುದನ್ನಾದರೂ ಗುರುತಿಗೆ ಇಟ್ಟಿರೋರು. ಚಿಕ್ಕವಳಿದ್ದಾಗ ಅದನ್ನೆಲ್ಲ ಕಸ ಅಂತ ಉದುರಿಸಿ ಬೈಸಿಕೊಂಡಿದ್ದೆ. ಮೂವತ್ತು ದಾಟಿದ ಮೇಲೆ ಅದೇ ಕೆಲಸ ಮತ್ತೆ ಮಾಡಿದ್ದೆ. ಈ ಸಲ ಬೈಯಲೂ ಇಲ್ಲ.

ನನ್ನ ಬ್ರೌಸರಿನ ಕತೆ ಕೇಳಿ. "ಆಮೇಲೆ ಓದೋಣ" ಅನ್ನೋ ಫೋಲ್ಡರಲ್ಲಿ ಸಾವಿರಕ್ಕೂ ಹೆಚ್ಚು ಲಿಂಕಿವೆ. ಹೂಡಿಕೆ, ಹುಳಿಹಿಟ್ಟಿನ ಬ್ರೆಡ್ಡು, ಬೆನ್ನುನೋವಿನ ಆಸನ. ಒಂದನ್ನೂ ಮತ್ತೆ ತೆರೆದಿಲ್ಲ. 1993ರ ಮೊಸಾಯಿಕ್ ಬ್ರೌಸರಿನಲ್ಲೇ ಇಂಥ ಪಟ್ಟಿ ಇತ್ತು, ಅದನ್ನು ಹಾಟ್‌ಲಿಸ್ಟ್ ಅಂತಿದ್ದರು. ನೆಟ್‌ಸ್ಕೇಪ್ ಅದನ್ನು ಬುಕ್‌ಮಾರ್ಕ್ ಅಂದಿತು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಫೇವರಿಟ್ಸ್ ಅಂದಿತು. ಹೆಸರು ಏನಾದರೂ ಇರಲಿ, ಹೋದ ಜಾಗಕ್ಕೆ ಮತ್ತೆ ಹೋಗೋದಕ್ಕೆ ಅಂತಲೇ ಅದು ಇರೋದು. ಆ ಲೆಕ್ಕದಲ್ಲಿ ನಮ್ಮಿಬ್ಬರಲ್ಲಿ ಬುಕ್‌ಮಾರ್ಕ್ ಬಳಸೋಕೆ ಬರೋದು ಅಪ್ಪನಿಗೆ. ಆ ಗೂಗಲ್ ಹುಡುಕಾಟದ ಪುಟವೂ ಪೆದ್ದುತನವಲ್ಲ. ವೆಬ್‌ಸೈಟಿನ ವಿಳಾಸ ಬದಲಾದರೂ ಅದು ಹೊಸದಾಗಿ ಹುಡುಕಿ ಕೊಡುತ್ತೆ. ಕಟ್ಟೆ 124.80 ಅಡಿ ತುಂಬಿತಾ ಅನ್ನೋದಷ್ಟೇ ಅವರಿಗೆ ಬೇಕಿದ್ದದ್ದು.

ಬೆಟ್ಟ ಇಳಿದು ಬಂದು ಟವೆಲ್ ತೆಗೆದೆ. ನನ್ನ ಒಂಬತ್ತು ಫೋಲ್ಡರುಗಳನ್ನು ಅಳಿಸಿ, ಹಳೇ ಎಚ್‌ಟಿಎಂಎಲ್ ಫೈಲನ್ನು ಇಂಪೋರ್ಟ್ ಮಾಡಿದೆ. ಅಷ್ಟಕ್ಕೇ ಎಲ್ಲವೂ ಮೊದಲಿನ ಜಾಗಕ್ಕೆ ಬರಲಿಲ್ಲ. ಒಂದೊಂದನ್ನೇ ಎಳೆದು ಪಟ್ಟಿಯ ಮೇಲೆ ಕೂರಿಸಬೇಕಾಯ್ತು. ಈ ಸಲ ಮೌಸು ನನ್ನ ಕೈಲಿ, ಮಾತು ಅಪ್ಪನದು. "ಅದು ಅಲ್ಲಲ್ಲ, ಇನ್ನೂ ಎಡಕ್ಕೆ." ಹೆಸರು ಬದಲಾಯಿಸಲಾ ಅಂತ ಕೇಳಿ, ಅವರು ಹೇಳಿದ ಹೆಸರನ್ನೇ ಇಟ್ಟೆ. ನೀರು, ಪಹಣಿ, ಪಿಂಚಣಿ, ಕರೆಂಟು. ಮೂರು ಪಹಣಿಯಲ್ಲಿ ಎರಡನ್ನು ಅವರೇ ತೆಗೆಸಿದರು. ಸತ್ತ ಲಿಂಕುಗಳಲ್ಲಿ ಕೆಲವನ್ನು ಬಿಡಿಸಿಕೊಳ್ಳಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಕಂಪ್ಯೂಟರ್ ಇದ್ದರೆ ಇಷ್ಟೇ ಹೇಳ್ತೀನಿ. ಸೆಲ್ ಬದಲಾಯಿಸಿ, ಬುಕ್‌ಮಾರ್ಕುಗಳ ಒಂದು ಪ್ರತಿ ತೆಗೆದಿಡಿ. ಜೋಡಿಸೋಕೆ ಮಾತ್ರ ಅವರು ಕರೆಯೋ ತನಕ ಕಾಯಿರಿ.

ಕಳೆದ ಶನಿವಾರ ಮೀಟಿಂಗ್ ಮಧ್ಯೆ ಫೋನು ಬಂತು.

"ಎಡಗಡೆಯಿಂದ ನಾಲ್ಕನೇದು ತೆರೀತಾ ಇಲ್ಲ ಕಣವ್ವ."

ಅಷ್ಟು ಖುಷಿಯಿಂದ ನಾನು ಯಾವ ಕಂಪ್ಲೇಂಟನ್ನೂ ಕೇಳಿಸಿಕೊಂಡಿಲ್ಲ.