ಸ್ಪೀಕರಿಗೊಂದು ಸಂಬಂಧ

ಬೆಲೆಬಾಳುವ ಸ್ಪೀಕರುಗಳನ್ನು ಮನೆಗೆ ತಂದವನ ಚಿಂತೆಯು, ಬೆಳೆದ ಮಗಳಿಗೆ ವರನನ್ನು ಅರಸುವ ತಂದೆಯ ಚಿಂತೆಗಿಂತ ಕಡಿಮೆಯದಲ್ಲ. ಹಣವು ಕೈಬಿಟ್ಟು ಹೋಗಿರುತ್ತದೆ. ಸ್ಪೀಕರುಗಳು ನಡುಮನೆಯಲ್ಲಿ ಮೂಕವಾಗಿ ನಿಂತಿರುತ್ತವೆ. ಅವುಗಳಿಗೆ ಉಸಿರೂಡಬೇಕಾದ ಪವರ್ ಆಂಪ್ಲಿಫೈಯರು ಯಾವುದೆಂಬುದು ಇನ್ನೂ ನಿಶ್ಚಯವಾಗಿರುವುದಿಲ್ಲ. ಅಂಗಡಿಯವನನ್ನು ವಿಚಾರಿಸಿದರೆ ಆತನು ಬಲ್ಲ ಗುಣ ಒಂದೇ: ವಾಟು. ನೂರಕ್ಕಿಂತ ಇನ್ನೂರು ಮೇಲು, ಇನ್ನೂರಕ್ಕಿಂತ ನಾನೂರು ಮೇಲು! ವರನ ಸಂಬಳವೊಂದನ್ನೇ ಕೇಳಿ ಲಗ್ನ ಕಟ್ಟುವವರೂ ಲೋಕದಲ್ಲಿ ಉಂಟಷ್ಟೆ.

ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಧ್ವನಿಯು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಗಟ್ಟಿಯೆನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಆದುದರಿಂದ ಮೊದಲು ತಿಳಿಯಬೇಕಾದುದು ಸ್ಪೀಕರಿನ ಹಸಿವು. ಅಮೆರಿಕದ ಆರ್ಕನ್ಸಾ ಸಂಸ್ಥಾನದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಷ್ ಎಂಬಾತನು 1946ರಲ್ಲಿ ಹೊರತಂದ ಕಹಳೆ ಸ್ಪೀಕರು ಕೋಣೆಯ ಮೂಲೆಯ ಗೋಡೆಗಳನ್ನೇ ತನ್ನ ಕಹಳೆಯ ಬಾಯಾಗಿಸಿಕೊಂಡು, ಕೆಲವೇ ವಾಟುಗಳಲ್ಲಿ ಮನೆಯನ್ನೆಲ್ಲ ತುಂಬುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರನ ಪೆಟ್ಟಿಗೆ ಬಂದಿತು. ಬಿಗಿಯಾಗಿ ಮುಚ್ಚಿದ ಅದರೊಳಗಿನ ಗಾಳಿಯೇ ಸ್ಪ್ರಿಂಗಿನಂತೆ ವರ್ತಿಸಿ, ಪುಟ್ಟ ಗಾತ್ರದಲ್ಲಿ ಆಳವಾದ ಮಂದ್ರವನ್ನು ಹೊರಡಿಸಿತು. ಆದರೆ ಅದರ ಊಟ ದೊಡ್ಡದು. ಎರಡು ಸ್ಪೀಕರುಗಳ ನಡುವೆ 20 ಡೆಸಿಬೆಲ್ ಅಂತರವಿದ್ದರೆ, ಒಂದಕ್ಕೆ 1 ವಾಟು ಸಾಲುವ ಕಡೆ ಇನ್ನೊಂದಕ್ಕೆ 100 ವಾಟು ಬೇಕು. ಹಸಿದ ಸ್ಪೀಕರಿಗೆ ದುರ್ಬಲ ಆಂಪ್ಲಿಫೈಯರನ್ನು ಕಟ್ಟಿ ಗುಂಡಿಯನ್ನು ತಿರುವುತ್ತ ಹೋದರೆ ಅಲೆಯ ತುದಿಗಳು ಕತ್ತರಿಸಿಹೋಗಿ ನಾದವು ಒರಟಾಗುವುದಲ್ಲದೆ, ತಾರಸ್ವರದ ಪುಟ್ಟ ಸ್ಪೀಕರು ಸುಟ್ಟುಹೋಗುವುದೂ ಉಂಟು.

ಆದರೆ ಶಕ್ತಿವಂತನೆಲ್ಲ ಯೋಗ್ಯ ವರನಲ್ಲ. ಇದಕ್ಕೆ ಇಂಗ್ಲೆಂಡಿನ ಹಂಟಿಂಗ್‌ಡನ್ನಿನ ಪೀಟರ್ ವಾಕರನು 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಸ್ಥಿರವಿದ್ಯುತ್ ಸ್ಪೀಕರಿಗಿಂತ ಬೇರೆ ನಿದರ್ಶನ ಬೇಕಿಲ್ಲ. ಅದರಲ್ಲಿ ಪೆಟ್ಟಿಗೆಯಿಲ್ಲ, ಅಯಸ್ಕಾಂತವಿಲ್ಲ; ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಸಾವಿರಾರು ವೋಲ್ಟುಗಳ ಆವೇಶದಲ್ಲಿ ಎರಡು ರಂಧ್ರಫಲಕಗಳ ನಡುವೆ ಕಂಪಿಸುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಮುಟ್ಟುವ ಸೂಕ್ಷ್ಮವೂ ಅದರಲ್ಲಿ ಕೇಳಿಸುತ್ತದೆಂದು ರಸಿಕರು ಇಂದಿಗೂ ಪ್ರಾಣ ಬಿಡುತ್ತಾರೆ. ಆದರೆ ಅದು ತಾಳುವ ವಿದ್ಯುತ್ತಿನ ಶಿಖರ 33 ವೋಲ್ಟು ಮಾತ್ರ. ಮೀರಿದರೆ ಕಿಡಿ ಹಾರಿ ಹಾಳೆ ತೂತಾಗುತ್ತದೆ.

ಇಂಥ ಹಳೆಯ ಜೋಡಿಯೊಂದನ್ನು ನಿವೃತ್ತಿಯ ಹಣದಿಂದ ಕೊಂಡ ರಸಿಕನೊಬ್ಬನನ್ನು ಊಹಿಸಿಕೊಳ್ಳಬಹುದು. ಅವುಗಳ ತಯಾರಿಕೆ 1985ರಲ್ಲಿ ನಿಂತುಹೋಯಿತು. ಇರುವ ಜೋಡಿಗಳೆಲ್ಲ ನಾಲ್ಕು ದಶಕ ದಾಟಿದ ಮುದುಕರು. ರಸಿಕನ ಕಿವಿಯಾದರೂ ಎಳೆಯದೇನಲ್ಲ. ಇನ್ನು ಉಳಿದಿರುವ ಕೆಲವು ವರ್ಷಗಳ ಶ್ರವಣಸುಖವನ್ನು ಆತನು ಈ ಎರಡು ಹಾಳೆಗಳ ಮೇಲೆ ಒಡ್ಡಿರುತ್ತಾನೆ. ಅಂಗಡಿಯವನು ಇನ್ನೂರು ವಾಟಿನ ಯಂತ್ರವನ್ನು ಮುಂದೊಡ್ಡುತ್ತಾನೆ. ಆತನು ಕಾಗದ ಪೆನ್ಸಿಲು ತೆಗೆದರೆ ಸಾಕು: 8 ಓಮಿನ ಲೆಕ್ಕದಲ್ಲಿ ಇನ್ನೂರು ವಾಟೆಂದರೆ ಶಿಖರದಲ್ಲಿ ಸುಮಾರು 56 ವೋಲ್ಟು. ನೂರು ವಾಟೆಂದರೂ 40. ಕ್ವಾಡ್ ಕಂಪನಿಯೇ 1967ರಲ್ಲಿ ತಂದ 303 ಎಂಬುದು 45 ವಾಟಿನದು. ಅದರ ಶಿಖರ ಸುಮಾರು 27 ವೋಲ್ಟು. ಅದಕ್ಕೂ ಹಿಂದಿನ ವಾಲ್ವುಗಳ ಕ್ವಾಡ್ 2 ಕೇವಲ 15 ವಾಟಿನದು.

ವೋಲ್ಟಿನ ಲೆಕ್ಕ ಕೂಡಿದ ಮಾತ್ರಕ್ಕೆ ಜಾತಕ ಕೂಡಿತೆಂದಲ್ಲ. ಹೆಚ್ಚಿನ ಸ್ಪೀಕರುಗಳ ಹಿಂದೆ ಬರೆದಿರುವ ಓಮಿನ ಅಂಕಿ ಮದುವೆಮನೆಯಲ್ಲಿ ಹೇಳುವ ವಯಸ್ಸಿನಂತೆ, ಅಂದಾಜಿನದು. ಕ್ವಾಡ್ ಸ್ಪೀಕರಿನ ತಡೆಯು ಮಂದ್ರದಲ್ಲಿ ಮೂವತ್ತು ಓಮನ್ನು ದಾಟಿ, ತಾರದ ತುತ್ತತುದಿಯಲ್ಲಿ 2 ಓಮಿನ ಸಮೀಪಕ್ಕೆ ಇಳಿಯುತ್ತದೆ. ಅಲ್ಲಿ ಬೇಡುವುದು ವೋಲ್ಟನ್ನಲ್ಲ, ಪ್ರವಾಹವನ್ನು. ಮೇಲಾಗಿ ಅದು ಧಾರಕದಂತೆ ವರ್ತಿಸುವುದರಿಂದ ಕೆಲವು ಟ್ರಾನ್ಸಿಸ್ಟರ್ ಯಂತ್ರಗಳು ಕಂಗೆಟ್ಟು ತಾವೇ ಊಳಿಡತೊಡಗುತ್ತವೆ. ಆದಕಾರಣ ರಸಿಕನಾದವನು ಕೊಳ್ಳುವ ಮುನ್ನ ಯಂತ್ರವನ್ನು ವಾರದ ಮಟ್ಟಿಗಾದರೂ ಎರವಲು ತಂದು, ತನ್ನದೇ ಕೋಣೆಯಲ್ಲಿ, ಮೊದಲು ಸಣ್ಣ ಧ್ವನಿಯಲ್ಲಿಯೇ ಕೇಳುವುದು ಲೇಸು. ಎರವಲು ಕೊಡಲೊಪ್ಪದ ಅಂಗಡಿಗೆ ನಮಸ್ಕಾರ ಹೇಳಿ ಹೊರಬೀಳಬಹುದು. ಹಳೆಯ 303ಗಳು ಕೈಬದಲಾಗುತ್ತ ಇನ್ನೂ ದೊರೆಯುತ್ತವೆ.