ಅಜ್ಜನ ಕಾಗದ, ಅಂಗಳದ ನೆರಳು

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಗಣಿತದ ಚಿಂತೆಯೇ ಮುಂದಾಗುತ್ತದೆ. ಸಮಾಜ ವಿಜ್ಞಾನವನ್ನು ‘ಕೊನೆಗೆ ಬಾಯಿಪಾಠ ಮಾಡಿದರಾಯಿತು’ ಎಂದು ಬದಿಗಿರಿಸುವುದು ವಾಡಿಕೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಬಾಯಿಪಾಠ ಇನ್ನಷ್ಟು ಭಾರ. ಗಡಿಯಾಚೆಯ ಕನ್ನಡ ಗೈಡುಗಳು ಕರ್ನಾಟಕದ ಪಠ್ಯಕ್ರಮದವು. ನಮ್ಮ ಪಠ್ಯಕ್ರಮದ ಟಿಪ್ಪಣಿಗಳು ದೊರೆಯುವುದು ಹೆಚ್ಚಾಗಿ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಉಳಿಯುವುದು ಪಠ್ಯಪುಸ್ತಕ, ಅಧ್ಯಾಪಕರು ಮತ್ತು ಮನೆಯವರು.

ಕಳೆದ ವರ್ಷ ನನ್ನ ಮಗಳು ರಾಜ್ಯ ಪುನರ್ವಿಂಗಡಣಾ ಆಯೋಗದ ಸದಸ್ಯರಾದ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ಹೆಸರುಗಳನ್ನು ರಾತ್ರಿ ಕಲಿತು ಬೆಳಗ್ಗೆ ಮರೆಯುತ್ತಿದ್ದಳು. ಒಂದು ದಿನ ಪೆಟ್ಟಿಗೆಯಿಂದ ಅಜ್ಜನ ಕಾಲದ ಜಾಗದ ಕಾಗದವನ್ನು ತೆಗೆದು ಅವಳ ಮುಂದಿರಿಸಿದೆ. ಅದರಲ್ಲಿ ನಮ್ಮ ಮನೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು.

“ಮನೆ ಇದ್ದಲ್ಲಿಯೇ ಇದೆಯಲ್ಲ ಅಪ್ಪ, ಜಿಲ್ಲೆ ಹೇಗೆ ಬದಲಾಯಿತು?” ಎಂದಳು.

ಆ ಪ್ರಶ್ನೆಯಿಂದಲೇ ಪಾಠ ಆರಂಭವಾಯಿತು. 1952ರಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ತೆತ್ತದ್ದು, 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದ್ದು, ಅದೇ ವರ್ಷ ಆಯೋಗ ನೇಮಕವಾದದ್ದು, 1955ರಲ್ಲಿ ವರದಿ ಬಂದದ್ದು, 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು. ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ ಎಂಬುದನ್ನೂ ಹೇಳಿದೆ. “ಇದು ಪರೀಕ್ಷೆಗೆ ಬರುತ್ತದೆಯೇ?” ಎಂದು ಕೇಳಿದಳು. “ಬಾರದಿದ್ದರೂ ನೀನು ಕನ್ನಡ ಶಾಲೆಯಲ್ಲಿ ಕುಳಿತು ಕೇರಳದ ಪರೀಕ್ಷೆ ಬರೆಯುವುದಕ್ಕೆ ಕಾರಣ ಇದೇ” ಎಂದೆ. ಆ ಮೂರು ಹೆಸರುಗಳು ಮತ್ತೆ ಮರೆಯಲಿಲ್ಲ.

ಭೂಗೋಳದಲ್ಲಿಯೂ ಹಾಗೆಯೇ. ಭಾರತದ ಪ್ರಮಾಣ ಸಮಯಕ್ಕೆ ಆಧಾರ ಪೂರ್ವ ರೇಖಾಂಶ 82½ ಡಿಗ್ರಿ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಏಳೂವರೆ ಡಿಗ್ರಿಗೆ 30 ನಿಮಿಷ. ನಮ್ಮ ಸೂರ್ಯ ಗಡಿಯಾರಕ್ಕಿಂತ ಅಷ್ಟು ಹಿಂದೆ. ರಜಾದಿನವೊಂದರಲ್ಲಿ ಅಂಗಳದಲ್ಲಿ ಕೋಲು ನೆಟ್ಟು ನೋಡಿದೆವು. ಗಂಟೆ ಹನ್ನೆರಡಾದರೂ ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಅತಿ ಚಿಕ್ಕದಾದದ್ದು ಹನ್ನೆರಡೂವರೆ ದಾಟಿದ ಮೇಲೆ.

ಪರೀಕ್ಷೆಯಲ್ಲಿ 80 ಅಂಕಗಳಿಗೆ ಎರಡೂವರೆ ಗಂಟೆ. ನಾಲ್ಕು ಅಂಕದ ಉತ್ತರಕ್ಕೆ ಸಿಗುವುದು ಏಳೂವರೆ ನಿಮಿಷ. ಬಾಯಿಪಾಠದ ಒಂದು ವಾಕ್ಯ ತಪ್ಪಿದರೆ ಮುಂದಿನದೂ ತಪ್ಪುತ್ತದೆ. ಕಾರಣ, ಘಟನೆ, ಪರಿಣಾಮ ಎಂಬ ಕ್ರಮ ತಿಳಿದಿದ್ದರೆ ತನ್ನದೇ ಮಾತಿನಲ್ಲಿ ಬರೆಯಬಹುದು. ಓದಲೆಂದೇ ಕೊಡುವ ಮೊದಲ 15 ನಿಮಿಷಗಳಲ್ಲಿ ಆ ಕ್ರಮವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲೂಬಹುದು.

ಕನ್ನಡದಲ್ಲಿ ಓದಿದರೆ ಮುಂದೆ ಕಷ್ಟವಾದೀತೆಂಬ ಅಂಜಿಕೆ ನಮ್ಮ ಅನೇಕ ಮನೆಗಳಲ್ಲಿದೆ. ನಮ್ಮ ಮನೆಯಲ್ಲಿಯೂ ಇತ್ತು. ಮಗಳು ಈಗ ಪ್ಲಸ್ ವನ್ ತರಗತಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಾಳೆ. ಪದಗಳು ಹೊಸವು, ಅವುಗಳನ್ನು ಕಲಿಯುವ ಶ್ರಮ ಇದ್ದೇ ಇದೆ. ಆದರೆ ರೇಖಾಂಶದ ಲೆಕ್ಕವನ್ನು ಅವಳು ಮತ್ತೊಮ್ಮೆ ಕಲಿಯಬೇಕಾಗಲಿಲ್ಲ.